ವಿಜೇತಾಳಿಗೆ ಹಿಡಿದಿಟ್ಟ ಸೀಟು

ಮುಂಬಯಿಯ ಬೋರಿವಲಿಯಿಂದ ಹೊರಡುವ ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ ಸೀಟು ಸಿಗುವುದೆಂದರೆ ಸಣ್ಣ ಮಾತಲ್ಲ. ವಿಜೇತಾಳಿಗೆ ಅದು ವರ್ಷಗಳಿಂದ ಸಿಗುತ್ತ ಬಂದಿತ್ತು. ದಹಿಸರದಿಂದ ಶೇರಿಂಗ್ ರಿಕ್ಷಾದಲ್ಲಿ ಅವಳ ಜೊತೆಯೇ ಬಂದು, ದಾದರಿನಲ್ಲಿ ಜೊತೆಯೇ ಇಳಿಯುವ ಮೂವರು ಅವಳ ಗುಂಪು. ಶೀತಲ್ ವಯಸ್ಸಿನಲ್ಲಿ ಚಿಕ್ಕವಳು, ಗಾಡಿ ನಿಲ್ಲುವ ಮೊದಲೇ ಹಾರಿ ಒಳಹೊಕ್ಕು ಓಢಣಿ ಹಾಸಿಬಿಡುತ್ತಿದ್ದಳು. ದಾದರಿನ ಸೀರೆ ಅಂಗಡಿಯಲ್ಲಿ ಫಾಲ್ ಹಚ್ಚುವ ಚಂದ್ರವ್ವ ಮತ್ತು ಅಲ್ಲಿಯೇ ಒಂದು ಶಾಲೆಯಲ್ಲಿ ಆಯಾ ಆಗಿರುವ ಸೋಮವ್ವ ಮಾವಶಿ ನಿಧಾನವಾಗಿ ಹತ್ತಿ ಕೂಡುತ್ತಿದ್ದರು. ನಾಲ್ಕನೆಯ ಜಾಗ ವಿಜೇತಾಳದು.

ಕೂತದ್ದೇ ತಡ, ಮೆಂತ್ಯದ ಸೂಡು ಬಿಚ್ಚಿಕೊಳ್ಳುತ್ತಿತ್ತು. ಸೊಪ್ಪು ಬಿಡಿಸುತ್ತ ಸೊಸೆಯರ ಸುದ್ದಿ, ನಳದ ನೀರಿನ ಸುದ್ದಿ, ಯಾರದೋ ಮದುವೆ ಮುರಿದ ಸುದ್ದಿ. ವಿಜೇತಾ ಬಸುರಿಯಾಗಿದ್ದಾಗ ಇದೇ ಡಬ್ಬಾದಲ್ಲಿ ಹಸಿರು ಬಳೆ ತೊಡಿಸಿ, ಉಡಿ ತುಂಬಿ ಕುಬಸ ಮಾಡಿದವರು ಇವರೇ.

ಆದರೆ ಈಗ ವಿಜೇತಾಳಿಗೆ ಓದಬೇಕಿತ್ತು. ಅವಳು ದಾದರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆ. ಗಿರಾಕಿಗಳು ಏನು ಕೇಳಿದರೂ “ಸಾಹೇಬರನ್ನ ಕೇಳ್ರಿ” ಎಂದು ಒಳಗೆ ಕೈ ತೋರಿಸಿ ತೋರಿಸಿ ಅವಳಿಗೆ ಸಾಕಾಗಿತ್ತು. ಆ ಒಳಗಿನ ಕುರ್ಚಿಗೆ ಪರೀಕ್ಷೆ ಬರೆಯಬೇಕು. ಹೋದ ಸಲ ಬರೆದು ಫೇಲಾಗಿದ್ದಳು, ಈ ಸಲದ್ದು ಕೊನೆಯ ಅವಕಾಶ. ಮನೆಯಲ್ಲಿ ಪುಸ್ತಕ ತೆಗೆದರೆ ಎರಡು ವರ್ಷದ ಮಗಳು ಬಂದು ಹಾಳೆಯ ಮೇಲೆಯೇ ಕೂಡುತ್ತಿದ್ದಳು. ಅವಳನ್ನು ಅತ್ತೆಯ ಕೈಗೆ ಕೊಟ್ಟರೆ ಅಡುಗೆ ನಿಲ್ಲುತ್ತಿತ್ತು. ಬ್ಯಾಂಕಿನಲ್ಲಿ ಉಸಿರಾಡಲು ಬಿಡುವಿಲ್ಲ. ಉಳಿದದ್ದು ಲೋಕಲ್ ಒಂದೇ.

ಮೊದಲು ಪುಸ್ತಕ ತೆಗೆದು ನೋಡಿದಳು. “ಕಣ್ಣ ಕೆಡಸ್ಕೋಬ್ಯಾಡವಾ, ಆಫೀಸಿನ್ಯಾಗ ಓದಾಕ ಸಾಲೂದಿಲ್ಲೇನು?” ಎಂದು ಸೋಮವ್ವ ಅದರ ಮೇಲೆ ಸೊಪ್ಪು ಹರಡಿದಳು. ಆಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಮೊಬೈಲಿನಲ್ಲಿ ಪಾಠ ಕೇಳಲು ಹೊರಟಳು. ಶೀತಲ್ ಒಂದನ್ನು ಕಿತ್ತು ತನ್ನ ಕಿವಿಗೆ ಇಟ್ಟುಕೊಂಡು, “ಛೀ ಅಕ್ಕಾ, ಯೇ ಕ್ಯಾ ಬೋರಿಂಗ್! ಗಾನಾ ಹಚ್ಚು ನಾ,” ಎಂದಳು.

“ಖರೇ ಹೇಳಿಬಿಡು ಅವರಿಗೆ,” ಎಂದ ಆ ರಾತ್ರಿ ಗಂಡ ಕಿಶೋರ. “ಸುತ್ತಲಿನ ಮಂದೀನ ಬದಲಿ ಮಾಡದ ಮನಷ್ಯಾ ಮುಂದ ಬರೂದಿಲ್ಲಂತ. ವಿಡಿಯೋದಾಗ ಹೇಳ್ತಿದ್ದ ಒಬ್ಬಾಂವ.”

“ಆ ವಿಡಿಯೋದಾಂವನ ಕುಬಸಾ ಯಾರರ ಮಾಡಿದ್ರೇನ್ರಿ? ನನ್ನ ಕುಬಸಾ ಇವರು ಮಾಡ್ಯಾರ. ಹೆಂಗ ಹೇಳ್ಲಿ, ನೀವು ಬ್ಯಾಡ ಅಂತ?”

ಹೇಳಲಾಗದೆ ಸುಳ್ಳು ಹೇಳಿದಳು. ಬ್ಯಾಂಕಿನ ಟೈಮ್ ಬದಲಾಗಿದೆ, ಇನ್ನು ಮೇಲೆ ಮುಂಚಿನ ಗಾಡಿಗೆ ಹೋಗಬೇಕು ಎಂದಳು. ಚಂದ್ರವ್ವನ ಮುಖ ಸಪ್ಪಗಾಯಿತು. “ಒಬ್ಬಾಕೀನೇ? ಸೀಟ್ ಯಾರ ಹಿಡೀತಾರ ನಿನಗ?” ಆ ಮಾತು ರಾತ್ರಿಯೆಲ್ಲ ಚುಚ್ಚಿತು. ಆದರೂ ಮರುದಿನ ವಿಜೇತಾ ಬೇಗ ಎದ್ದು, ಸುಳ್ಳಿನ ಪಾಪ ತಟ್ಟೀತೆಂದು ಅಂಜಿ ಮಲಗಿದ್ದ ಮಗಳ ಹಣೆ ಮುಟ್ಟಿ ಬಿಸಿಯಿಲ್ಲವೆಂದು ಖಾತ್ರಿ ಮಾಡಿಕೊಂಡು, ಮತ್ತೊಮ್ಮೆ ಮುಟ್ಟಿ ನೋಡಿ ಹೊರಟಳು.

ಮೊದಲೆರಡು ದಿನ ನಿಂತೇ ಹೋದಳು. ಆಮೇಲೆ ಮಲಾಡಿನಲ್ಲಿ ಇಳಿಯುವವಳೊಬ್ಬಳನ್ನು ಕೇಳಿಟ್ಟುಕೊಂಡು ಅವಳ ಜಾಗ ಹಿಡಿಯತೊಡಗಿದಳು. ಪಕ್ಕದವರು ಯಾರೋ, ಅವರ ಹೆಸರೇನೋ. ಯಾರೂ ಅವಳ ಕಡೆ ತಿರುಗಿ ನೋಡಲಿಲ್ಲ. ಸಾಲದ ಜಾಮೀನಿನ ಅಧ್ಯಾಯ ಹೋದ ವರ್ಷ ತಲೆಗೆ ಹತ್ತದೆ ಅವಳನ್ನು ಅಳಿಸಿತ್ತು, ಈಗ ದಾದರ್ ಬರುವಷ್ಟರಲ್ಲಿ ಮುಗಿದೇ ಹೋಗಿತ್ತು. ಸ್ಟೇಷನ್ನಿನ ಸೇತುವೆ ಹತ್ತುವಾಗ ಅವಳಿಗೆ ನಗು ಬಂತು. ನನ್ನ ತಲೆ ಕೆಟ್ಟಿಲ್ಲ, ಜಾಗವೊಂದು ಬೇಕಿತ್ತಷ್ಟೇ, ಅನ್ನಿಸಿತು.

ಸೋಮವಾರ ವಿಜೇತಾ ಪ್ಲಾಟ್‌ಫಾರ್ಮಿಗೆ ಬಂದಾಗ ಆ ಮುಂಚಿನ ಗಾಡಿ ಆಗಲೇ ಬಂದು ನಿಂತಿತ್ತು. ಕಿಟಕಿಯಿಂದ ಒಂದು ಕೈ ಆಡಿತು. “ಅಕ್ಕಾ! ಏ ವಿಜೇತಾ ಅಕ್ಕಾ! ಇಕಡೆ!”

ಶೀತಲ್ ಓಢಣಿ ಹಾಸಿ ಕೂತಿದ್ದಳು. ಅತ್ತ ಚಂದ್ರವ್ವ, ಇತ್ತ ಸೋಮವ್ವ. ನಡುವೆ ಒಂದು ಜಾಗ ಖಾಲಿ.

“ಹೆಂಗ ಹೆದರಿಸಿದ್ವಿ!” ಎಂದು ಚಂದ್ರವ್ವ ನಕ್ಕಳು. “ಬ್ಯಾಂಕಿನಾಕಿ ಒಬ್ಬಾಕೀನ ನಿಂತ್ಕೊಂಡು ಹೊಂಟಾಳ, ನಾವು ಇಲ್ಲಿ ಆರಾಮ್ ಕುಂತೀವಿ, ಮನಸ್ಸಿಗೆ ಸಮಾಧಾನ ಆಗಲಿಲ್ಲವಾ.”

“ಅಂಗಡಿ ಇಷ್ಟ ಲಗೂನ ತೆಗೀತಾರೇನು?” ವಿಜೇತಾ ನಿಂತಲ್ಲೇ ಕೇಳಿದಳು.

“ಎಲ್ಲಿ ತೆಗೀತಾರ! ಅಂಗಡಿ ಮುಂದ ಮೆಟ್ಟಲ ಮ್ಯಾಲ ಕುಂದ್ರತೇನಿ. ಗಾಳಿ ಚಲೋ ಬರ್ತೈತಿ.”

“ಮಾವಶಿ, ಮುಂಜಾನಿ ನಿಮ್ಮ ನಳದ ನೀರು ಯಾರು ತುಂಬತಾರ?”

“ಬಾಜೂದಾಕಿ ತುಂಬತಾಳ. ಬದಲಿಗೆ ಸಂಜಿಕೆ ಆಕಿ ಹುಡುಗರನ್ನ ನಾ ನೋಡ್ಕೋತೇನಿ,” ಎಂದಳು ಸೋಮವ್ವ. “ಹಡದ ನಡಾ ನಿಂದು, ನಿಂತ್ರ ಹಿಡೀತೈತಿ. ಕುಂದ್ರ ಮೊದಲ.”

ನನಗೆ ಓದಬೇಕಿತ್ತು ಮಾವಶಿ, ಅದಕ್ಕೇ ಸುಳ್ಳು ಹೇಳಿದೆ. ಮಾತು ನಾಲಿಗೆಯ ತುದಿಗೆ ಬಂತು. ಸೋಮವ್ವನ ನಿದ್ದೆಗೆಟ್ಟು ಕೆಂಪಾದ ಕಣ್ಣು ನೋಡಿ ಹಿಂದಕ್ಕೆ ಹೋಯಿತು. ಇದಕ್ಕಿಂತ ಮುಂಚಿನ ಗಾಡಿ ಹಿಡಿಯಬೇಕೆಂದರೆ ಅತ್ತೆ ಏಳುವುದಿಲ್ಲ, ಮಗಳಿಗೆ ಹಾಲು ಬಂದಿರುವುದಿಲ್ಲ. ಪರೀಕ್ಷೆ ಬರುವ ರವಿವಾರ. ವಿಜೇತಾ ಕೂತಳು.

ಅವಳ ಕೈಯಲ್ಲಿದ್ದ ಪುಸ್ತಕವನ್ನು ಸೋಮವ್ವ ತೆಗೆದು ಬ್ಯಾಗಿಗೆ ತುರುಕಿದಳು. ಚಂದ್ರವ್ವ ಆ ಬ್ಯಾಗನ್ನು ಮೇಲಿನ ರ‍್ಯಾಕಿಗೆ ಎತ್ತಿಟ್ಟಳು. “ಮತ್ತ ಟೈಮ್ ಬದಲಾತಂದ್ರ ಹಿಂದಿನ ದಿನಾನ ಹೇಳು, ಎಲ್ಲಾರೂ ಕೂಡೇ ಬರೂಣು,” ಎಂದಳು. ವಿಜೇತಾ ಹೂಂ ಎಂದಳು.

ಕಾಂದಿವಲಿ ದಾಟುವ ಮೊದಲೇ ಮಾತು ನಿಂತಿತು. ಬೇಗ ಎದ್ದು ರೂಢಿಯಿಲ್ಲದ ಮೂವರೂ ನಿದ್ದೆಗೆ ಜಾರಿದ್ದರು. ಸೋಮವ್ವನ ತಲೆ ವಿಜೇತಾಳ ಬಲ ಭುಜಕ್ಕೆ, ಚಂದ್ರವ್ವನದು ಎಡಕ್ಕೆ. ಡಬ್ಬಾದಲ್ಲಿ ಬೇಕಾದಷ್ಟು ಶಾಂತಿ ಇತ್ತು. ಬ್ಯಾಗು ಮೇಲಿತ್ತು, ತೆಗೆಯಬೇಕೆಂದರೆ ಏಳಬೇಕು. ವಿಜೇತಾ ಹೋದ ವಾರ ಓದಿದ್ದನ್ನಾದರೂ ಮನಸ್ಸಿನಲ್ಲಿ ಹೇಳಿಕೊಳ್ಳಲು ನೋಡಿದಳು, ಮೂರನೆಯ ಸಾಲಿಗೇ ತಪ್ಪಿತು. ಮತ್ತೆ ಮೊದಲಿನಿಂದ ಹಿಡಿದಳು, ಮತ್ತೆ ಅಲ್ಲೇ ತಪ್ಪಿತು. ಭುಜ ಅಲುಗಾಡದಂತೆ ಉಸಿರು ಬಿಗಿಹಿಡಿದು ಕೂತಳು. ದಾದರ್ ಬಂದಾಗ ಮೂವರನ್ನೂ ಅವಳೇ ಎಬ್ಬಿಸಬೇಕಿತ್ತು.