ಮೊಳೆಯದ ಸಾಬೂದಾಣಿ

ಕಾಲುವೆ ನೀರು ಬಂದ ಹೊಸದರಲ್ಲಿ ಕೆಂಭಾವಿ ಕಡೆ ಎಲ್ಲರಿಗೂ ಏನಾದರೂ ಹೊಸದು ಬಿತ್ತುವ ಹುಚ್ಚು. ಕೃಷಿ ಇಲಾಖೆಯವನೆಂದು ನನ್ನನ್ನು ನೀಲವ್ವ ಎಂಬ ಮುದುಕಿ ತನ್ನ ಹೊಲಕ್ಕೆ ಎಳೆದೊಯ್ದಳು.

“ಎರಡು ಸಲ ನೀರು ಬಿಟ್ಟೀನ್ರಿ ಸಾಹೇಬ್ರ, ಒಂದೂ ಮೊಳಕಿ ಒಡಿವಲ್ದು.”

ಮಣ್ಣು ಕೆದಕಿದರೆ ಅಂಟಂಟು ಸಾಬೂದಾಣಿ. ಉಪವಾಸಕ್ಕೆಂದು ಅಂಗಡಿಯಿಂದ ತಂದದ್ದನ್ನೇ ಸಾಲು ಹಿಡಿದು ಬಿತ್ತಿದ್ದಳು.

ನಗು ನುಂಗಿಕೊಂಡು ಹೇಳಿದೆ: “ಯವ್ವಾ, ಇದು ಕಾಳಲ್ಲ. ಮರಗೆಣಸಿನ ಗೆಡ್ಡಿ ಅರದು, ಅದರ ಹಿಟ್ಟು ಗುಂಡಗ ಮಾಡಿ ಹುರೀತಾರ. ಬೆಳೀಬೇಕಂದ್ರ ಮರಗೆಣಸಿನ ಕಾಂಡ ಕಡದು ನೆಡಬೇಕು.”

ಅಲ್ಲೇ ಕಸ ತೆಗೆಯುತ್ತಿದ್ದ ಸೊಸೆ ಕುರ್ಪಿ ನಿಲ್ಲಿಸಿದಳು. ಸೋಮವಾರ ರೊಟ್ಟಿ ಮುಟ್ಟಿದರೆ ಉಪವಾಸ ಕೆಡುತ್ತದೆಂದು ಮದುವೆಯಾದಾಗಿನಿಂದ ಅತ್ತೆಯ ಕೈಲಿ ಬೈಸಿಕೊಂಡವಳು ಅವಳು.

“ಅದೂ ಹಿಟ್ಟೇ ಅಂದ್ರ, ರೊಟ್ಟಿ ಏನ್ ಪಾಪ ಮಾಡ್ಯದ ಅತ್ತಿ?”

ನೀಲವ್ವ ನನ್ನನ್ನು ಬದುವಿನಾಚೆ ಕರೆದು ದನಿ ತಗ್ಗಿಸಿದಳು. “ಇದು ದೇವರಿಗೆ ಗೊತ್ತದೇನು?”

“ಗೊತ್ತಿರಬೇಕು.”

“ಗೊತ್ತಿದ್ದೂ ಅಂವ ಸುಮ್ಮ ಕುಂತಾನ. ನಿನಗ್ಯಾಕ ಬೇಕಿತ್ತು ತಮ್ಮಾ, ಈ ಉಸಾಬರಿ?”

ಸೊಸೆ ಈಗ ಸೋಮವಾರವೂ ರೊಟ್ಟಿ ಬಡಿಯುತ್ತಾಳಂತೆ, ನನ್ನ ಹೆಸರು ಹೇಳಿ. ನಾನು ಆ ಊರಿಗೆ ಮಂಗಳವಾರ ಹೋಗುತ್ತೇನೆ.