ಇಯೋಬಿಯ ಕಾಲು ಮತ್ತು ಬಾಬಾಯಿ ಗುಂಡಿ

ಗಂಡನ ಪಾದದ ಗಾಯಕ್ಕೆ ಕಟ್ಟಿದ್ದ ಪಟ್ಟಿ ಬಿಚ್ಚಿದ ಅಕೋಯಾಗೆ ಒಳಪದರದಲ್ಲಿ ಕಪ್ಪು ಕೆಸರು ಕಂಡಿತು.

"ಗುಂಡಿಗೆ ಇಳಿದಿದ್ಯಾ?"

ಇಯೋಬಿ ತೆಂಗಿನ ಮರದ ತುದಿ ನೋಡಿದ. "ಪ್ಲಾಸ್ಟಿಕ್ ಚೀಲ ಕಟ್ಕೊಂಡಿದ್ದೆ."

"ಚೀಲಕ್ಕೆ ಸಕ್ಕರೆ ಕಾಯಿಲೆ ಇಲ್ಲ ಬಿಡು, ಅದಕ್ಕೇನೂ ಆಗಲ್ಲ. ಹೋಗೋದು ನಿನ್ನ ಕಾಲು."

ಮೇರೆ ಎಂಬ ನರ್ಸ್ ಖಡಾಖಂಡಿತವಾಗಿ ಹೇಳಿದ್ದಳು. ಗಾಯಕ್ಕೆ ಇನ್ನೊಮ್ಮೆ ಕೆಸರು ತಾಗಿದರೆ ದೋಣಿ ಹತ್ತಿಸಿ ದೊಡ್ಡ ಆಸ್ಪತ್ರೆಗೆ ಕಳಿಸುವುದೇ, ಅಲ್ಲಿ ಕಾಲು ಕತ್ತರಿಸುತ್ತಾರೆ. ಅನ್ನ, ಸಕ್ಕರೆ ಬಿಡಬೇಕು, ಮೀನು ಮತ್ತು ಕೆಸರು ಗುಂಡಿಯಲ್ಲಿ ಬೆಳೆಯುವ, ಕೆಸುವಿನಂಥ ಬಾಬಾಯಿ ಗೆಡ್ಡೆ ತಿನ್ನಬೇಕು. ಈ ಅಬೆಮಾಮಾ ದ್ವೀಪಕ್ಕೆ ಹಡಗು ತಂದು ಸುರಿಯುವುದು ಅಕ್ಕಿ, ಸಕ್ಕರೆ, ಡಬ್ಬಿ ಮಾಂಸ. ಅದನ್ನು ತಿನ್ನುವುದೇ ದೊಡ್ಡಸ್ತಿಕೆ ಎಂದು ಎರಡು ತಲೆಮಾರಿಗೆ ಕಲಿಸಿದವರೇ, ಕಾಲು ಕೊಳೆತ ಮೇಲೆ ನಿಮ್ಮ ಮಣ್ಣಿಗೆ ವಾಪಸು ಹೋಗಿ ಎನ್ನುತ್ತಾರೆ. ಮಣ್ಣು ಅಷ್ಟು ಹೊತ್ತು ಕಾದಿರುತ್ತದೆಯೇ?

ಇಯೋಬಿಯ ಗುಂಡಿಯಲ್ಲಿ ಎಲೆಗಳು ಹಳದಿಗೆ ತಿರುಗಿದ್ದವು. ಹಿರಿಯರು ಸಿಹಿನೀರು ಸಿಗುವ ತನಕ ತೋಡಿದ ಗುಂಡಿ ಅದು. ಪ್ರತಿ ಗೆಡ್ಡೆಯ ಸುತ್ತ ಬುಡವಿಲ್ಲದ ಬುಟ್ಟಿ ಹೆಣೆದು, ಸೊಪ್ಪು ತುಂಬಿ ಸಾಕಬೇಕು. ಯಾವ ಸೊಪ್ಪು, ಹೇಗೆ ಎನ್ನುವುದು ಆಯಾ ಮನೆಯ ರಕ್ತಕ್ಕೆ ಮಾತ್ರ ಗೊತ್ತು. ಹೆಂಡತಿ ಬೇರೆ ಮನೆಯ ರಕ್ತ. ಹೇಳಿಕೊಡಲು ಇಯೋಬಿಗೆ ಮಕ್ಕಳಿರಲಿಲ್ಲ.

"ನಾನು ಇಳೀತೀನಿ," ಎಂದಳು ಅಕೋಯಾ. "ಏನು ಹಾಕ್ಬೇಕು ಹೇಳು."

ಅವನು ಹಲ್ಲು ಕೀಳಿಸಿಕೊಳ್ಳುವವನಂತೆ ಮುಖ ಮಾಡಿಕೊಂಡು ಹೇಳಿದ: ದೀವಿ ಹಲಸಿನ ಒಣ ಎಲೆ, ಮೇಲೆ ಕರಿ ಮಣ್ಣು. ಅವಳು ಹಾಗೇ ಮಾಡಿದಳು. ಹುಣ್ಣಿಮೆಗಳು ಕಳೆದವು, ಎಲೆಗಳು ಇನ್ನಷ್ಟು ಬಾಡಿದವು. ಗುಂಡಿ ಸತ್ತರೆ ಮತ್ತೆ ಅಂಗಡಿಯ ಅನ್ನವೇ ಗತಿ. ಗಾಯದ ಅಂಚು ಕಪ್ಪಾಗುತ್ತಿತ್ತು.

ಮೂಲೆಯ ಒಂದೇ ಒಂದು ಗಿಡ ಹಸಿರು ಚಿಗುರು ಬಿಟ್ಟಿತ್ತು. ಅಂದು ಕದ್ದು ಇಳಿದಾಗ ಇಯೋಬಿ ಕೈಯಾರೆ ತುಂಬಿದ ಬುಟ್ಟಿ ಅದು. ಅಕೋಯಾ ಬೆರಳು ತೂರಿಸಿ ಕೆದಕಿದಳು. ಅಡಿಯಲ್ಲಿ ಇನ್ನೊಂದು ಜಾತಿಯ ಎಲೆ ಸಿಕ್ಕಿತು. ಕೊಳೆತು ನರಗಳಷ್ಟೇ ಉಳಿದಿದ್ದರೂ ಕಡಲ ದಾಸವಾಳದ್ದೆಂದು ಗುರುತು ಹತ್ತಿತು. ಹೊರಗಿನವರಿಗೆ ಹೇಳುವಾಗ ಗುಟ್ಟಿನ ಒಂದು ಭಾಗ ನುಂಗಿಕೊಳ್ಳುವುದು ಊರಿನ ವಾಡಿಕೆ. ಅವಳ ಅಪ್ಪನೂ ಹಾಗೇ ಮಾಡಿದವನು. ಆದರೆ ಇಷ್ಟು ವರ್ಷ ಒಂದೇ ಚಾಪೆಯಲ್ಲಿ ಮಲಗಿದವಳು ಹೊರಗಿನವಳೇ?

ಮೇಲೆ ಹತ್ತಿ ಬಂದರೆ ಇಯೋಬಿ ಗುಂಡಿಯ ದಡದಲ್ಲಿ ಕೂತು ಕಾಲಿಗೆ ಮತ್ತೆ ಚೀಲ ಬಿಗಿಯುತ್ತಿದ್ದ. ಗಿಡಗಳು ಸಾಯುವುದನ್ನು ನೋಡಲಾರ, ಗುಟ್ಟನ್ನೂ ಬಿಟ್ಟುಕೊಡಲಾರ.

ಅಕೋಯಾ ದಾರಿಗೆ ಅಡ್ಡ ಕೂತಳು. "ಇಳಿ. ಅದಕ್ಕೂ ಮೊದಲು ಒಂದು ಹೇಳಿಹೋಗು. ಕತ್ತರಿಸಿದ ಕಾಲನ್ನ ಯಾವ ಗೆಡ್ಡೆ ಬುಡಕ್ಕೆ ಹಾಕ್ಲಿ?"

ಅವನ ಕೈ ನಿಂತಿತು. ಅವಳ ಉಗುರಿನಲ್ಲಿ ಸಿಕ್ಕಿಕೊಂಡಿದ್ದ ಎಲೆಯ ನಾರು ಅವನಿಗೆ ಕಂಡಿತು.

"ಎಲೆ ಗೊತ್ತಾಯ್ತು," ಎಂದಳು. "ಅದನ್ನ ಹದ ಮಾಡೋದು ಹೇಗೆ ಅಂತ ನಿನ್ನ ಹೊಟ್ಟೇಲಿದೆ."

"ನೀನು ನಿನ್ನ ತಂಗಿಗೆ ಹೇಳ್ತೀಯ."

"ಹೇಳ್ತೀನಿ. ಅವಳ ಗಂಡಂಗೂ ಸಕ್ಕರೆ ಇದೆ."

"ನಮ್ಮಪ್ಪ ಸಾಯೋವಾಗ ಕಿವೀಲಿ ಹೇಳಿದ್ದು ಅದು."

"ನೀನು ಸಾಯೋವಾಗ ಯಾರ ಕಿವೀಲಿ ಹೇಳ್ತೀಯ? ಹಡಗಿನವನ ಕಿವೀಲಾ?"

ಪಕ್ಕದ ಗುಂಡಿಯವರು ಕೆಲಸ ನಿಲ್ಲಿಸಿ ಕಿವಿಗೊಟ್ಟಿದ್ದರು. ಇಯೋಬಿಗೂ ಅದು ತಿಳಿದಿತ್ತು. ಅವನು ಚೀಲದ ಗಂಟು ಬಿಚ್ಚಿದ.

"ಎಲೆ ನೆರಳಲ್ಲಿ ಕಂದಬೇಕು. ಬಿಸಿಲು ತಾಗಬಾರದು. ಎಲ್ಲಕ್ಕಿಂತ ಕೆಳಗೆ ಅದನ್ನೇ ಹಾಕು."

"ಇನ್ನೇನು ನುಂಗಿಕೊಂಡಿದ್ದೀಯ?"

"ಬುಡದಿಂದ ಒಂದು ಗೇಣು ಬಿಟ್ಟು ಹಾಕು, ಇಲ್ಲಾಂದ್ರೆ ಕೊಳೆಯುತ್ತೆ. ಅಷ್ಟೇ. ಅಮ್ಮನಾಣೆ, ಅಷ್ಟೇ."

ಅವನ ಕಾಲಿನ ಒಂದು ಬೆರಳು ಹೋಯಿತು, ಪಾದ ಉಳಿಯಿತು. ಅನ್ನದ ಪಾತ್ರೆಯನ್ನು ಅಕೋಯಾ ಹಂದಿಗೆ ನೀರಿಡಲು ಇಟ್ಟುಕೊಂಡಳು. ಗುಂಡಿ ಹಸಿರಾಯಿತು, ತಂಗಿಯದೂ ಹಸಿರಾಯಿತು. ಮನೆತನದ ಗುಟ್ಟು ಮಾರಿಕೊಂಡವನೆಂದು ಊರಿನ ಸಭಾಮನೆಯಲ್ಲಿ ಮುದುಕರು ಇಯೋಬಿಯ ಪಕ್ಕ ಕೂರುವುದಿಲ್ಲ. ಅವನು ಅಲ್ಲಿಗೆ ತನ್ನ ಎರಡೂ ಕಾಲಲ್ಲಿ ನಡೆದೇ ಹೋಗುತ್ತಾನೆ.