ಕೋಡಿ ಬಿದ್ದ ವರ್ಷ

ಹುಣಸೆ ಸುಗ್ಗಿಯಲ್ಲಿ ಹಿಂದೂಪುರದ ವ್ಯಾಪಾರಿಗಳಿಗೆ ಊಟಕ್ಕೆ ಕೂರಲೂ ಪುರುಸೊತ್ತಿರುತ್ತಿರಲಿಲ್ಲ. ನಮ್ಮ ಯಜಮಾನರು ಮಾತ್ರ ಶಿವರಾತ್ರಿ ಕಳೆದ ಕೂಡಲೇ ಮಂಡಿಗೆ ಬೀಗ ಹಾಕಿ, ನನ್ನನ್ನು ಕರೆದುಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತುತ್ತಿದ್ದರು. ಅದು ನನ್ನ ತವರು. ಯುಗಾದಿಯವರೆಗೆ ಅಲ್ಲೇ ವಾಸ. ಉಳಿದ ವರ್ಷವೆಲ್ಲ ಅವರ ಮುಖ ನನಗೆ ಕಾಣುತ್ತಿದ್ದುದು ದೀಪ ಹಚ್ಚಿದ ಮೇಲೆ. ಹಗಲು ಹೊತ್ತಿನಲ್ಲಿ ಅವರು ನನಗೆ ಸಿಗುತ್ತಿದ್ದುದು ಆ ಬೀಗದಿಂದ.

ಬೀಗಕ್ಕೆ ಕಾರಣ ಆದಾಯ ತೆರಿಗೆ. ಲಾಭ ಒಂದು ಗೀಟು ದಾಟಿತೋ, ಹೆಚ್ಚಿನ ದರ ಪೂರಾ ಲಾಭದ ಮೇಲೆ ಬೀಳುತ್ತದೆ ಎಂದು ಮಾವನವರು ಮಗನಿಗೆ ಹೇಳಿ ಹೋಗಿದ್ದರು. ಸುಂಕದ ಕಟ್ಟೆ ದಾಟಿದ ಗಾಡಿಯಂತೆ, ಹೇರಿಗೆಲ್ಲ ಸುಂಕ. ನಮ್ಮ ಲೆಕ್ಕ ಯುಗಾದಿಯಿಂದ ಯುಗಾದಿಗೆ. ಗೀಟು ಹತ್ತಿರ ಬಂತು ಎನ್ನಿಸಿದರೆ ಇವರು ಮಾರುವುದನ್ನೇ ನಿಲ್ಲಿಸುತ್ತಿದ್ದರು. ಮಾರದೆ ಕೊಂಡರೆ ಇಡಲು ಜಾಗವಿಲ್ಲ, ಹಾಗಾಗಿ ಕೊಳ್ಳುವುದೂ ನಿಲ್ಲುತ್ತಿತ್ತು.

ಹಣ್ಣು ಬಡಿದು ಬೀಜ ತೆಗೆಯುವ ಹೆಂಗಸರಿಗೆ ಆ ಸುಗ್ಗಿಯೇ ವರ್ಷದ ದುಡಿಮೆ. ಅವರಲ್ಲಿ ಹಿರಿಯಳಾದ ಅಜ್ಜಿ ಬಸ್ಸಿನವರೆಗೂ ಬಂದು ಚುಚ್ಚುತ್ತಿದ್ದಳು: "ಊರೋರೆಲ್ಲ ಸುಗ್ಗಿಗೆ ಬಾಗ್ಲು ತೆಗೀತಾರೆ. ನಮ್ ಸಾವ್ಕಾರಪ್ಪ ಅತ್ತೆ ಮನೆಗೆ ಹೋಯ್ತಾರೆ."

ಎರಡನೇ ಮಹಾಯುದ್ಧ ಮುಗಿದ ಮೇಲಿನ ಒಂದು ವರ್ಷ, ಅನಂತಪುರದಲ್ಲಿ ವಕೀಲರ ಗುಮಾಸ್ತನಾಗಿದ್ದ ನನ್ನ ತಮ್ಮನೂ ಊರಿಗೆ ಬಂದಿದ್ದ. ಸಂಜೆ ಮೂವರೂ ಕೆರೆ ಏರಿಯ ಮೇಲೆ ಕುಳಿತಿದ್ದೆವು. ಸುಗ್ಗಿಯಲ್ಲಿ ಇಲ್ಲೇನು ಕೆಲಸ ಎಂದು ಅವನು ಕೇಳಿದ. ಇವರು ಗೀಟಿನ ಕಥೆ ಹೇಳಿದರು.

ತಮ್ಮ ನಕ್ಕು, ಒಣಗಿದ ಕೋಡಿಯ ಕಡೆ ಕೈ ತೋರಿಸಿದ. "ಭಾವ, ಕೋಡಿ ಬಿದ್ರೆ ಕೆರೆ ಬರಿದಾಗ್ತದಾ? ಮೇಲಿನ ನೀರು ತಾನೇ ಹೋಗಾದು. ಹೆಚ್ಚಿನ ದರಾನೂ ಗೀಟಿನ ಮೇಲಿನ ಲಾಭಕ್ಕೆ ಮಾತ್ರ, ಅದ್ರಾಗೂ ಸರ್ಕಾರ ಪೂರಾ ತಗಳಲ್ಲ."

"ನಮ್ಮಪ್ಪ ಸುಳ್ಳು ಹೇಳಿದ್ನೇನೋ?"

"ಅವ್ರ ಕಾಲದಾಗೆ ಹಂಗೇ ಇತ್ತು ಕಣ್ ಭಾವ. ಕಾನೂನು ಬದಲಾಗಿ ಬಾಳ ವರ್ಸ ಆಯ್ತು."

ಇವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮರುದಿನದ ಮೊದಲ ಬಸ್ಸಿಗೇ ಹೊರಟೆವು. ಯುಗಾದಿಯ ಒಬ್ಬಟ್ಟಿಗೆಂದು ಅಮ್ಮ ಬೇಳೆ ಆರಿಸುತ್ತಿದ್ದಳು. ನಾನು ಹಿಂದೂಪುರ ಬರುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದೆ. ಅಜ್ಜಿ ನಮ್ಮನ್ನು ಕಂಡವಳೇ, ಬೀಗರು ಮನೆಯಿಂದ ಓಡಿಸಿದರಾ ಎಂದು ಕೇಳಿದಳು.

ಆಮೇಲೆ ಮಂಡಿ ಸುಗ್ಗಿಯಲ್ಲಿ ಮುಚ್ಚಲಿಲ್ಲ. ಎರಡೇ ವರ್ಷದಲ್ಲಿ ಮಂಡಿಯ ಹಿತ್ತಿಲಲ್ಲಿ, ಹಣ್ಣು ಇಡಲು ಕಲ್ಲುಚಪ್ಪಡಿಯ ಸೂರು ಎದ್ದಿತು. ಕಂಬದೂರಿನ ಕಡೆಯಿಂದಲೂ ಹೆಂಗಸರು ಕೆಲಸಕ್ಕೆ ಬಂದರು. ಯುದ್ಧದ ಕಾಲಕ್ಕಿಂತ ತೆರಿಗೆ ದರ ಇಳಿದಿದೆ, ಸೂರು ಇನ್ನೊಂದು ಅಂಕಣ ಬೆಳೆಯಬಹುದು ಎಂದು ಇವರು ಲೆಕ್ಕ ಹಾಕುವರು. ಏರುತ್ತದಂತೆ ಎಂಬ ಸುದ್ದಿ ಬಂದರೆ ಕಲ್ಲು ತರಿಸುವುದನ್ನು ಮುಂದಕ್ಕೆ ಹಾಕುವರು. ತೆರಿಗೆ ಕಟ್ಟಿದ ದಿನ ಮಾತ್ರ ನಡುಹಗಲಲ್ಲೇ ಮನೆಗೆ ಬರುತ್ತಿದ್ದರು, ಕೈಯಲ್ಲಿ ಜಿಲೇಬಿ ಪೊಟ್ಟಣ. "ಈ ವರ್ಸಾನೂ ಕೋಡಿ ಬಿತ್ತು ಕಣೇ," ಎಂದು ಜಗಲಿಯ ಮೇಲೆ ಕಾಲು ಚಾಚಿ ಕೂರುವರು. ಆ ದಿನ ಮತ್ತೆ ಮಂಡಿಗೆ ಹೋಗುತ್ತಿರಲಿಲ್ಲ. ಮೊದಲಿನ ಅಷ್ಟೂ ಹಗಲುಗಳ ಬದಲಿಗೆ ನನಗೆ ಉಳಿದದ್ದು ಅದೊಂದು. ಅದನ್ನು ನಾನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಹೋದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಶಿವರಾತ್ರಿ ಕಳೆದ ಬೆಳಿಗ್ಗೆ ಅಜ್ಜಿ ಬಂದು ಹೊಸಿಲಲ್ಲಿ ಕುಳಿತಳು.

"ಮತ್ತೆ ಬೀಗ ಹಾಕ್ಬುಡ್ತೀರೇನಮ್ಮ?"

ನಾನು ಬೀಗದ ಕೈ ತೆಗೆದುಕೊಂಡು ಅವಳ ಜೊತೆಗೇ ಹೊರಟೆ. ಸುಗ್ಗಿ ಮುಗಿಯುವವರೆಗೂ ಮಂಡಿಯಲ್ಲೇ ಕುಳಿತೆ.

ಮೊನ್ನೆ ತೆರಿಗೆ ಕಟ್ಟಿಸಿ ಬಂದೆ. ಮಂಡಿಯ ಹೆಂಗಸರನ್ನೆಲ್ಲ ಕರೆಸಿ ಜಿಲೇಬಿ ಹಂಚುವಾಗ, ಏನು ವಿಶೇಷ ಎಂದು ಅಜ್ಜಿ ಕೇಳಿದಳು. ಕೋಡಿ ಬಿತ್ತು ಎಂದೆ. ಅವಳು ಅಂಗಳಕ್ಕೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡಿದಳು.

"ಮಳೆ ಎಲ್ಲಿ ಬಂತಮ್ಮ?"

ಬಾಯಿತುಂಬ ಜಿಲೇಬಿ ಇಟ್ಟುಕೊಂಡು ನಾನು ನಕ್ಕುಬಿಟ್ಟೆ. ಅವರು ಹೋದ ಮೇಲೆ ಅದೇ ಮೊದಲು.